ಕಂಪನಿ ಸೆಕ್ಯುರಿಟಿ ಇರುವ ಕಾರಿಗೆ ಹೊರಗಿನ ರಿಮೋಟ್ ಸ್ಟಾರ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ದೂರದಿಂದಲೇ ಬಟನ್ ಒತ್ತಿ ಇಂಜಿನ್ ಸ್ಟಾರ್ಟ್ ಮಾಡುವ ಕಿಟ್ ಬಂತು. ಡಬ್ಬ ಬಿಚ್ಚಿದರೆ ಒಂದು ಹಿಡಿ ಬಣ್ಣಬಣ್ಣದ ವೈರು. ಎರಡು ದಿನ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಎಲ್ಲ ಜೋಡಿಸಿದಿರಿ, ಬಟನ್ ಒತ್ತಿದಿರಿ, ಇಂಜಿನ್ ಒಂದು ಸಲ ಗುರ್ ಎಂದು ಅಲ್ಲೇ ಸುಮ್ಮನಾಯಿತು. ಮೀಟರ್‌ನಲ್ಲಿ ಕೀ ಚಿತ್ರದ ಪುಟ್ಟ ಲೈಟು ಪಟಪಟ ಮಿನುಗುತ್ತಿದೆ. ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಜಾಗದಿಂದಲೇ ಶುರುವಾಗುತ್ತವೆ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ರಿಮೋಟ್ ಸ್ಟಾರ್ಟರ್ ಒಳಗೆ ಏನು ನಡೆಯುತ್ತದೆ?

ನಿಮ್ಮ ಕೈ ಮಾಡುವ ಕೆಲಸವನ್ನು ಅದು ರಿಲೇಗಳಿಂದ, ಅಂದರೆ ಕರೆಂಟಿನಿಂದ ಕೂಡುವ ಸ್ವಿಚ್‌ಗಳಿಂದ, ಮಾಡುತ್ತದೆ, ಅಷ್ಟೇ. ನೀವು ಕೀ ತಿರುಗಿಸಿದಾಗ ಮೊದಲು ಆಕ್ಸೆಸರಿಗೆ (ರೇಡಿಯೋ, ಫ್ಯಾನ್ ಇತ್ಯಾದಿ) ಕರೆಂಟ್ ಹೋಗುತ್ತದೆ, ಆಮೇಲೆ ಇಗ್ನಿಷನ್‌ಗೆ, ಕೊನೆಗೆ ಸೆಲ್ಫ್‌ಗೆ. ಇಂಜಿನ್ ಹಿಡಿದ ಕೂಡಲೇ ನೀವು ಕೀ ಬಿಡುತ್ತೀರಿ, ಸೆಲ್ಫ್ ನಿಲ್ಲುತ್ತದೆ, ಇಗ್ನಿಷನ್ ಉಳಿಯುತ್ತದೆ. ಕಿಟ್ ಕೂಡ ಇದೇ ಕ್ರಮದಲ್ಲಿ ಇದೇ ವೈರ್‌ಗಳಿಗೆ ಕರೆಂಟ್ ಕೊಡುತ್ತದೆ. ಹಳೇ ಕಾರುಗಳಲ್ಲಿ ಇಷ್ಟಕ್ಕೇ ಕೆಲಸ ಮುಗಿಯುತ್ತಿತ್ತು. ಈಗ ಮುಗಿಯುವುದಿಲ್ಲ, ಏಕೆಂದರೆ ಕಾರು ಕರೆಂಟ್ ಜೊತೆಗೆ ಗುರುತನ್ನೂ ಕೇಳುತ್ತದೆ.

ಕಂಪನಿ ಸೆಕ್ಯುರಿಟಿ ಅಂದರೆ ಅಲಾರಂ ತಾನೆ?

ಅಲ್ಲ. ಇಲ್ಲೇ ಮುಕ್ಕಾಲು ಗೊಂದಲ. ಅಲಾರಂ ಬೇರೆ, ಇಮ್ಮೊಬಿಲೈಸರ್ ಬೇರೆ. ಅಲಾರಂ ಬರೀ ಕೂಗುತ್ತದೆ: ಬಾಗಿಲು ತೆಗೆದರೆ, ಬಾನೆಟ್ ಎತ್ತಿದರೆ, ಹಾರ್ನ್ ಹೊಡೆದು ಊರಿಗೆಲ್ಲ ಹೇಳುತ್ತದೆ. ಇಮ್ಮೊಬಿಲೈಸರ್ ಸದ್ದು ಮಾಡುವುದಿಲ್ಲ. ಸರಿಯಾದ ಕೀ ಇಲ್ಲದಿದ್ದರೆ ಇಂಜಿನ್ ಓಡಲು ಬಿಡುವುದಿಲ್ಲ, ಅಷ್ಟೇ.

ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಕೀ ಹಾಕುವ ಲಾಕಿನ ಬಾಯಿಯ ಸುತ್ತ ತಾಮ್ರದ ತಂತಿ ಸುತ್ತಿದ ಒಂದು ಉಂಗುರ ಇದೆ, ಅದೇ ಆಂಟೆನಾ. ನೀವು ಕೀ ಆನ್ ಮಾಡಿದಾಗ ಆ ಉಂಗುರ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆಯನ್ನು ಹೊರಡಿಸುತ್ತದೆ. ಆ ಅಲೆಯಿಂದಲೇ ಚಿಪ್ಪಿಗೆ ಜೀವ ಬರುತ್ತದೆ, ಅದು ತನ್ನ ಗುರುತು ಹೇಳುತ್ತದೆ. ಹೊಸ ಕಾರುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಕಾರು ಪ್ರತಿ ಸಲ ಒಂದು ಹೊಸ ಸಂಖ್ಯೆ ಕೊಟ್ಟು ಲೆಕ್ಕ ಹಾಕು ಅನ್ನುತ್ತದೆ, ಚಿಪ್ ತನ್ನೊಳಗಿನ ಗುಟ್ಟಿನಿಂದ ಉತ್ತರ ಹೇಳುತ್ತದೆ. ಹಾಗಾಗಿ ನಿನ್ನೆಯ ಉತ್ತರವನ್ನು ರೆಕಾರ್ಡ್ ಮಾಡಿಟ್ಟುಕೊಂಡು ಇವತ್ತು ಹೇಳಿದರೆ ನಡೆಯುವುದಿಲ್ಲ.

ಇದು ನಿನ್ನೆ ಮೊನ್ನೆಯದಲ್ಲ. 1986ರಲ್ಲೇ ಷೆವರ್ಲೆ ಕಾರ್ವೆಟ್ ಕೀಯಲ್ಲಿ ಒಂದು ಸಣ್ಣ ರೆಸಿಸ್ಟರ್ ಇಟ್ಟು ಕೊಟ್ಟಿದ್ದರು, ಒಟ್ಟು 15 ಬೇರೆ ಬೇರೆ ಪ್ರತಿರೋಧಗಳಲ್ಲಿ ಒಂದು ನಿಮ್ಮ ಕೀಯದು. ಯುರೋಪಿನಲ್ಲಿ 1995ರ ನಿರ್ದೇಶನ ಬಂದ ಮೇಲೆ 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ. ಆಸ್ಟ್ರೇಲಿಯಾದಲ್ಲಿ 2001, ಕೆನಡಾದಲ್ಲಿ 2007. ಅಂದರೆ ನಿಮ್ಮ ಕಾರು ತೀರಾ ಹಳೆಯದಲ್ಲದಿದ್ದರೆ ಇದು ಇದ್ದೇ ಇರುತ್ತದೆ ಅಂದುಕೊಂಡೇ ಕೆಲಸ ಶುರು ಮಾಡಿ.

ನನ್ನ ಕೀಯಲ್ಲಿ ಚಿಪ್ ಇದೆಯೋ ಇಲ್ಲವೋ ನೋಡೋದು ಹೇಗೆ?

ಕೀಯ ತಲೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ. ಲೋಹದ ಭಾಗ ಮಾತ್ರ ಹೊರಗಿರಲಿ. ಈಗ ಸ್ಟಾರ್ಟ್ ಮಾಡಿ. ಹಿಡಿಯದಿದ್ದರೆ, ಅಥವಾ ಹಿಡಿದು ಆಫ್ ಆದರೆ, ಚಿಪ್ ಇದೆ. ಫಾಯಿಲ್ ಸುತ್ತಿದ ಮೇಲೂ ಆರಾಮಾಗಿ ಓಡಿದರೆ ಚಿಪ್ ಇಲ್ಲದಿರಬಹುದು, ಆದರೂ ಮಾಡೆಲ್ ಮಾಹಿತಿ ಒಮ್ಮೆ ನೋಡಿಕೊಳ್ಳಿ. ಕೆಲವು ಹಳೇ ಕಾರುಗಳಲ್ಲಿ ಸೆಕ್ಯುರಿಟಿ ಕೀಯಲ್ಲಿ ಇರುವುದಿಲ್ಲ, ಕೀ ತಿರುಗುವ ಲಾಕಿನೊಳಗೇ ಸೆನ್ಸರ್ ಇರುತ್ತದೆ.

ರಿಮೋಟ್‌ನಲ್ಲಿ ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ಆಫ್ ಆಗುತ್ತದೆ. ಕಿಟ್ ಹಾಳಾಗಿದೆಯಾ?

ಕಿಟ್ ಚೆನ್ನಾಗಿಯೇ ಇದೆ. ಕಾರೂ ಚೆನ್ನಾಗಿಯೇ ಇದೆ, ಅದು ತನ್ನ ಕೆಲಸ ಮಾಡಿದೆ. ಕರೆಂಟ್ ಬಂತು, ಇಂಜಿನ್ ತಿರುಗಿತು, ಆದರೆ ಗುರುತು ಬರಲಿಲ್ಲ. ಹಾಗಾಗಿ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಇಂಧನ ನಿಲ್ಲಿಸಿತು. ಕೆಲವು ಕಾರುಗಳು ಸೆಲ್ಫ್ ಹೊಡೆಯಲೂ ಬಿಡುವುದಿಲ್ಲ. ರಿಮೋಟ್ ಒತ್ತಿದಾಗ ಕಾರಿಗೆ ಆ ಗುರುತು ಕೊಡುವ ಬೈಪಾಸ್ ಅನ್ನು ನೀವು ಹಾಕಿಲ್ಲ, ಅಥವಾ ಹಾಕಿದ್ದೀರಿ ಆದರೆ ಅದು ಕೆಲಸ ಮಾಡುತ್ತಿಲ್ಲ.

ಬೇಗ ಕಂಡುಹಿಡಿಯಲು ಒಂದು ಉಪಾಯ. ನಿಮ್ಮ ಅಸಲಿ ಕೀಯನ್ನು ಲಾಕಿನೊಳಗೆ ಹಾಕಿ, ತಿರುಗಿಸಬೇಡಿ, ಸುಮ್ನೆ ಅಲ್ಲೇ ಇರಲಿ. ಈಗ ರಿಮೋಟ್ ಒತ್ತಿ. ಇಂಜಿನ್ ನಿಲ್ಲದೆ ಓಡಿದರೆ ನಿಮ್ಮ ವೈರಿಂಗ್ ಎಲ್ಲ ಸರಿ, ತೊಂದರೆ ಬೈಪಾಸ್‌ನಲ್ಲಿ ಮಾತ್ರ. ಆಗಲೂ ಆಫ್ ಆದರೆ ಎರಡನೇ ಇಗ್ನಿಷನ್ ವೈರ್ ಬಿಟ್ಟುಹೋಗಿದೆಯಾ, ಟ್ಯಾಕ್ (ಇಂಜಿನ್ ತಿರುಗುವ ವೇಗದ ಸಿಗ್ನಲ್) ಅನ್ನು ಕಿಟ್ ಸರಿಯಾಗಿ ಕಲಿತಿದೆಯಾ ನೋಡಿ. ಈ ಒಂದು ಪರೀಕ್ಷೆ ಗೊತ್ತಿದ್ದಿದ್ದರೆ ನನ್ನ ಮೂರು ಸಂಜೆ ಉಳಿಯುತ್ತಿತ್ತು. ಅದರ ಕತೆ ಕೆಳಗೆ ಬರುತ್ತದೆ.

ಬೈಪಾಸ್ ಮಾಡ್ಯೂಲ್ ಅಂದರೆ ಏನು? ಯಾವುದು ತಗೊಳ್ಳಲಿ?

ಹೆಸರು ಕೇಳಿದರೆ ಸೆಕ್ಯುರಿಟಿಯನ್ನು ಬದಿಗೆ ಸರಿಸುವ ಸಾಮಾನು ಅನಿಸುತ್ತದೆ. ಒಳ್ಳೆಯ ಬೈಪಾಸ್ ಹಾಗೆ ಮಾಡುವುದಿಲ್ಲ. ಬಾಗಿಲಲ್ಲಿ ಕಾವಲುಗಾರ ಇದ್ದಾನೆ ಅಂದುಕೊಳ್ಳಿ. ಅವನನ್ನು ಕೆಲಸದಿಂದ ತೆಗೆಯುವುದು ಒಂದು ದಾರಿ. ಮನೆಯವರೇ ಅಂತ ಅವನಿಗೆ ಗುರುತು ತೋರಿಸಿ ಒಳಗೆ ಹೋಗುವುದು ಇನ್ನೊಂದು. ನಮಗೆ ಬೇಕಾದ್ದು ಎರಡನೆಯದು, ಅದೂ ರಿಮೋಟ್ ಒತ್ತಿದಾಗ ಮಾತ್ರ, ಉಳಿದ ಹೊತ್ತು ಕಾವಲು ಮೊದಲಿನ ಹಾಗೇ ಇರಬೇಕು.

ಮುಖ್ಯವಾಗಿ ಎರಡು ಜಾತಿ. ಒಂದು, ಕೀಯನ್ನೇ ಒಳಗಿಟ್ಟುಕೊಳ್ಳುವ ಡಬ್ಬ. ನಿಮ್ಮ ಕಾರಿಗೆ ಪ್ರೋಗ್ರಾಂ ಮಾಡಿಸಿದ ಇನ್ನೊಂದು ಕೀ ಬೇಕು. ಅದರ ತಲೆ, ಅಂದರೆ ಚಿಪ್ ಇರುವ ಭಾಗ, ಡಬ್ಬದೊಳಗೆ ಕೂರುತ್ತದೆ. ಡಬ್ಬದಿಂದ ಒಂದು ತೆಳು ತಂತಿ ಹೊರಟು ಕೀ ಲಾಕಿನ ಬಾಯಿಗೆ ಏಳೆಂಟು ಸುತ್ತು ಸುತ್ತಿಕೊಳ್ಳುತ್ತದೆ. ರಿಮೋಟ್ ಒತ್ತಿದಾಗ ಕಿಟ್ ಒಂದು ತೆಳು ವೈರ್‌ಗೆ ಅರ್ಥ್ ಕೊಡುತ್ತದೆ, ಡಬ್ಬದ ರಿಲೇ ಕೂಡುತ್ತದೆ, ಒಳಗಿನ ಚಿಪ್ಪಿನ ಮಾತು ಆ ತಂತಿಯ ಮೂಲಕ ಕಾರಿನ ಉಂಗುರಕ್ಕೆ ಕೇಳಿಸುತ್ತದೆ. ಇಂಜಿನ್ ಆಫ್ ಆದರೆ ರಿಲೇ ಬಿಡುತ್ತದೆ, ಚಿಪ್ ಮತ್ತೆ ಮೂಕ. ಈ ರಿಲೇ ಸಿಕ್ಕಿಕೊಂಡರೆ ಒಂದು ವಿಚಿತ್ರ ತೊಂದರೆ ಬರುತ್ತದೆ: ನಿಮ್ಮ ಕೈಯಲ್ಲಿರುವ ಕೀಯೂ ಒಳಗಿನ ಕೀಯೂ ಒಟ್ಟಿಗೆ ಮಾತಾಡಿ, ಕಾರಿಗೆ ಯಾರದೂ ಅರ್ಥವಾಗದೆ, ಅಸಲಿ ಕೀಯಲ್ಲೂ ಸ್ಟಾರ್ಟ್ ಆಗುವುದಿಲ್ಲ.

ಎರಡನೆಯದು ಡೇಟಾ ಬೈಪಾಸ್. ಇದಕ್ಕೆ ಸಾಮಾನ್ಯವಾಗಿ ಡಬ್ಬದೊಳಗೆ ಕೀ ಬೇಡ. ಇದು ಕಾರಿನ ಕ್ಯಾನ್ ಬಸ್‌ಗೆ (ಕಾರಿನ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ವೈರ್ ಜೋಡಿ), ಕೆಲವು ಕಾರುಗಳಲ್ಲಿ ಇಮ್ಮೊಬಿಲೈಸರ್ ವೈರ್‌ಗೂ, ಸೇರಿಕೊಂಡು ಕಾರಿನ ಭಾಷೆಯಲ್ಲೇ ಮಾತಾಡುತ್ತದೆ. ಒಂದು ಸಲ ಕಾರಿಗೆ ಪರಿಚಯ ಮಾಡಿಸಬೇಕು. ಮಾಡ್ಯೂಲ್ ಕೊಟ್ಟವರು ಹೇಳಿದ ಕ್ರಮದಲ್ಲಿ ಕೀ ಆನ್, ಆಫ್ ಮಾಡಿ ಎಲ್‌ಇಡಿ ಬಣ್ಣ ಬದಲಾಗುವವರೆಗೆ ಕಾಯಬೇಕು. ಕೆಲವನ್ನು ಮಧ್ಯದಲ್ಲಿ ಬಿಚ್ಚಿ ಕಂಪ್ಯೂಟರ್‌ಗೆ ಹಾಕಿ ಮತ್ತೆ ತರಬೇಕಾಗುತ್ತದೆ. ಡೋರ್ ಲಾಕ್, ಆರ್‌ಪಿಎಂ, ಬ್ರೇಕ್, ಬಾನೆಟ್ ಸ್ಥಿತಿ ಇವೆಲ್ಲ ಬಹಳ ಕಾರುಗಳಲ್ಲಿ ಇದರಿಂದಲೇ ಸಿಗುತ್ತವೆ, ಹಾಗಾಗಿ ಕತ್ತರಿಸುವ ವೈರ್‌ಗಳು ಕಡಿಮೆ. ಫೋರ್ಟಿನ್, ಐಡೇಟಾಲಿಂಕ್ ಅಂತ ನೀವು ಕೇಳುವ ಹೆಸರುಗಳು ಈ ಜಾತಿಯವು.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಕಾರಿನ ಮಾಡೆಲ್ಲಿಗೂ ವರ್ಷಕ್ಕೂ ಡೇಟಾ ಬೈಪಾಸ್ ಸಿಗುತ್ತದೆ ಅಂದರೆ ಅದನ್ನೇ ಹಾಕಿ. ಆದರೆ ಸರಿಯಾದ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ತುಂಬಿಸದ ಮಾಡ್ಯೂಲ್ ಬರೀ ಪ್ಲಾಸ್ಟಿಕ್ ಡಬ್ಬ. ಒಂದೇ ಹೆಸರಿನ ಕಾರಿನಲ್ಲಿ ಒಂದು ವರ್ಷ ಮುಂದಿನದು ಹಿಂದಿನದು ಅಂತ ಸಿಸ್ಟಂ ಪೂರ್ತಿ ಬದಲಾಗಿರುತ್ತದೆ. ಕಿಟ್ ಕೊಳ್ಳುವ ಮುಂಚೆ ಹೊಂದಾಣಿಕೆ ಪಟ್ಟಿ ನೋಡಿ, ಕೊಂಡ ಮೇಲಲ್ಲ.

ಮೂರು ಸಂಜೆಯ ಕತೆ ಏನು?

ನನ್ನದೇ ಗಾಡಿ. ಕೀ ಇಡುವ ಡಬ್ಬದ ಬೈಪಾಸ್. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿಟ್ಟುಕೊಂಡು ತಂತಿ ಸುತ್ತಿದೆ, ಟೆಸ್ಟ್ ಮಾಡಿದೆ, ಒಂದೇ ಸಲಕ್ಕೆ ಹಿಡಿಯಿತು. ಖುಷಿಯಿಂದ ಕವರ್ ಹಾಕಿ ಸ್ಕ್ರೂ ಬಿಗಿದೆ. ರಿಮೋಟ್ ಒತ್ತಿದರೆ ಎರಡು ಸೆಕೆಂಡಿಗೆ ಆಫ್. ಮತ್ತೆ ಕವರ್ ಬಿಚ್ಚಿದೆ, ಕೈಯಿಂದ ತಂತಿ ಮುಟ್ಟಿ ನೋಡಿದೆ, ಒತ್ತಿದೆ, ಓಡಿತು. ಕವರ್ ಹಾಕಿದೆ, ಆಫ್. ಹೀಗೆ ಮೂರು ಸಂಜೆ. ಫ್ಯೂಸ್ ಬದಲಿಸಿದೆ, ಅರ್ಥ್ ಬದಲಿಸಿದೆ, ಡಬ್ಬವನ್ನೇ ಬೈದೆ.

ಕೊನೆಗೆ ಕವರನ್ನು ಅರ್ಧ ಮಾತ್ರ ಒತ್ತಿ ಟಾರ್ಚ್ ಹಿಡಿದು ಸಂದಿಯಲ್ಲಿ ಇಣುಕಿದಾಗ ಕಂಡಿತು. ಕವರಿನ ಒಳಗಿನ ಒಂದು ಏಣು ನನ್ನ ತಂತಿಯ ಸುರುಳಿಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಕಾರಿನ ಉಂಗುರದ ಮೇಲೆ ಕೂರಬೇಕಾದ್ದು ಒಂದು ಬೆರಳಿನಷ್ಟು ಹಿಂದೆ ಜಾರಿ ಬರೀ ಲೋಹವನ್ನು ತಬ್ಬಿಕೊಂಡಿತ್ತು. ಅಷ್ಟಕ್ಕೇ ಚಿಪ್ಪಿನ ಮಾತು ಕೇಳಿಸುತ್ತಿರಲಿಲ್ಲ. ಸುರುಳಿಯನ್ನು ಮುಂದೆ ತಂದು, ಚಪ್ಪಟೆ ಮಾಡಿ, ಬಟ್ಟೆಯ ಟೇಪ್‌ನಿಂದ ಉಂಗುರದ ಪ್ಲಾಸ್ಟಿಕ್‌ಗೇ ಕಟ್ಟಿದೆ. ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ಕೈಕೊಟ್ಟಿಲ್ಲ.

ಇಷ್ಟೆಲ್ಲ ಯಾಕೆ? ಇಮ್ಮೊಬಿಲೈಸರನ್ನೇ ಆಫ್ ಮಾಡಿಸಿಬಿಟ್ಟರೆ?

ಬೇಡ. ಒಂದು ಬಟನ್ ಸೌಕರ್ಯಕ್ಕೆ ಮನೆಯ ಬಾಗಿಲನ್ನೇ ಕಿತ್ತುಹಾಕಿದ ಹಾಗೆ. ಕಳುವಾದರೆ ಇನ್ಶೂರೆನ್ಸ್‌ನವರು ಕೇಳುವ ಮೊದಲ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಡಬ್ಬದಲ್ಲಿ ಕೀ ಬಚ್ಚಿಟ್ಟರೆ ಕಳ್ಳನಿಗೆ ಸುಲಭ ಅಲ್ವಾ?

ಸ್ವಲ್ಪ ಹೌದು, ಸುಳ್ಳು ಹೇಳುವುದಿಲ್ಲ. ಚಿಪ್ ಮಾತ್ರ ಇದ್ದರೆ ಕಳ್ಳ ಡ್ಯಾಶ್ ಬಿಚ್ಚಿ ಡಬ್ಬ ಹುಡುಕಬೇಕು, ಜೊತೆಗೆ ಸ್ಟೀರಿಂಗ್ ಲಾಕ್ ಕೂಡ ಮುರಿಯಬೇಕು. ಹಾಗಾಗಿ ಡಬ್ಬವನ್ನು ಕೈಗೆ ಸಿಗುವ ಜಾಗದಲ್ಲಿ ಇಡಬೇಡಿ. ಕೀಯ ಲೋಹದ ಅಲಗನ್ನು ಕತ್ತರಿಸಿ ತೆಗೆಯಿರಿ. ಕೀಯಲ್ಲಿ ರಿಮೋಟ್ ಕೂಡ ಇದ್ದರೆ ಅದರ ಬ್ಯಾಟರಿ ತೆಗೆದುಬಿಡಿ, ಚಿಪ್ಪಿಗೆ ಬ್ಯಾಟರಿ ಬೇಕಿಲ್ಲ.

ಪುಶ್ ಬಟನ್ ಕಾರಿನ ಸ್ಮಾರ್ಟ್ ಕೀಯನ್ನು ಮಾತ್ರ ಹಾಗೆ ಸುಮ್ನೆ ಡ್ಯಾಶ್ ಒಳಗೆ ಎಸೆದು ಬಿಡಬೇಡಿ. ಆಗ ಕೀ ಸದಾ ಒಳಗೇ ಇದೆ ಅಂತ ಕಾರು ತಿಳಿಯುತ್ತದೆ. ಗಾಜು ಒಡೆದು ಕೂತವನು ಬ್ರೇಕ್ ತುಳಿದು ಬಟನ್ ಒತ್ತಿದರೆ ಮುಗಿಯಿತು.

ಯಾವ ಯಾವ ವೈರ್ ಹುಡುಕಬೇಕು? ಬಣ್ಣ ನೋಡಿದರೆ ಸಾಕಾ?

ಬಣ್ಣ ನಂಬಿ ಕೆಟ್ಟವರು ಬಹಳ. ಬಣ್ಣದ ಪಟ್ಟಿ ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ, ಸರಿಯೋ ತಪ್ಪೋ ಹೇಳುವುದು ಮಲ್ಟಿಮೀಟರ್ ಮಾತ್ರ. ಮೀಟರಿನ ಕಪ್ಪು ಕಡ್ಡಿ ಬಾಡಿಯ ಲೋಹಕ್ಕೆ, ಕೆಂಪು ಕಡ್ಡಿ ವೈರ್‌ಗೆ.

ಕೀ ಎಲ್ಲಿದ್ದರೂ 12 ವೋಲ್ಟ್ ಇದ್ದರೆ ಅದು ನೇರ ಬ್ಯಾಟರಿ ಲೈನ್. ಆನ್‌ನಲ್ಲಿ 12 ಬಂದು, ಸೆಲ್ಫ್ ಹೊಡೆಯುವಾಗಲೂ ಉಳಿದರೆ ಇಗ್ನಿಷನ್. ಆನ್‌ನಲ್ಲಿ ಇದ್ದು ಸೆಲ್ಫ್ ಹೊಡೆಯುವಾಗ ಸೊನ್ನೆಗೆ ಬಿದ್ದು, ಬಿಟ್ಟ ಮೇಲೆ ಮತ್ತೆ ಬಂದರೆ ಆಕ್ಸೆಸರಿ. ಸೆಲ್ಫ್ ಹೊಡೆಯುವಾಗ ಮಾತ್ರ 12 ಬಂದರೆ ಸ್ಟಾರ್ಟರ್ ವೈರ್. ಬಹಳ ಕಾರುಗಳಲ್ಲಿ ಇಗ್ನಿಷನ್ ಎರಡಿರುತ್ತವೆ, ಎರಡಕ್ಕೂ ಕರೆಂಟ್ ಕೊಡಬೇಕು. ಇವುಗಳ ಜೊತೆ ಬ್ರೇಕ್ ವೈರ್, ಪಾರ್ಕಿಂಗ್ ಲೈಟ್, ಬಾನೆಟ್ ಸ್ವಿಚ್ ಮತ್ತು ಅರ್ಥ್.

ಅರ್ಥ್ ಬಗ್ಗೆ ಎರಡು ಮಾತು. ಪೇಂಟ್ ಕೆರೆದು ಬರೀ ಲೋಹ ಕಾಣಬೇಕು, ಅಲ್ಲಿ ಬೋಲ್ಟ್ ಹಾಕಿ ಬಿಗಿಯಬೇಕು. ಪ್ಲಾಸ್ಟಿಕ್ ಹಿಡಿದಿರುವ ಯಾವುದೋ ಸ್ಕ್ರೂಗೆ ಸಿಕ್ಕಿಸಿದರೆ ಇವತ್ತು ಓಡುತ್ತದೆ, ಮಳೆಗಾಲಕ್ಕೆ ಕೈಕೊಡುತ್ತದೆ.

ದಪ್ಪ ವೈರ್‌ಗಳಲ್ಲಿ ಹರಿಯುವ ಕರೆಂಟ್ ಜಾಸ್ತಿ, ಕಿಟ್‌ಗಳಲ್ಲಿ 30 ಆಂಪ್ ಫ್ಯೂಸ್ ಸಾಮಾನ್ಯ. ಅಲ್ಲಿ ಚುಚ್ಚುವ ಕ್ಲಿಪ್ ಹಾಕಬೇಡಿ. ಪರಿಚಯದವರೊಬ್ಬರ ಗಾಡಿಯಲ್ಲಿ ಯಾರೋ ಇಗ್ನಿಷನ್ ವೈರ್‌ಗೆ ಅಂಥ ಕ್ಲಿಪ್ ಒತ್ತಿದ್ದರು. ಬಿಚ್ಚಿ ನೋಡಿದರೆ ನೀಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ವೈರ್ ಮೇಲೆ ಮೇಣದ ಹಾಗೆ ಕರಗಿ ಕೂತಿತ್ತು. ವೈರ್ ಸಿಪ್ಪೆ ಒಂದು ಇಂಚು ಬಿಡಿಸಿ, ಸುತ್ತಿ, ಬೆಸುಗೆ ಹಾಕಿ, ಟೇಪ್ ಸುತ್ತಿ. ಫ್ಯೂಸ್‌ಗಳನ್ನು ಎಲ್ಲ ಮುಗಿದ ಮೇಲೆ, ಕೊನೆಗೆ ಹಾಕಿ.

ಟೆಸ್ಟ್ ಲ್ಯಾಂಪ್ ಇದೆ, ಮೀಟರ್ ಬೇಕೇ ಬೇಕಾ?

ಬೇಕೇ ಬೇಕು. ಬಲ್ಬಿನ ಟೆಸ್ಟ್ ಲ್ಯಾಂಪ್ ತಾನೇ ಕರೆಂಟ್ ಎಳೆಯುತ್ತದೆ. ಡೇಟಾ ವೈರ್‌ಗೆ ಇಟ್ಟರೆ ಕಂಪ್ಯೂಟರ್ ಹಾಳಾಗಬಹುದು. ಏರ್‌ಬ್ಯಾಗ್ ವೈರ್‌ಗೆ ಇಟ್ಟರೆ ಏರ್‌ಬ್ಯಾಗೇ ಸಿಡಿಯಬಹುದು. ಹಳದಿ ಕನೆಕ್ಟರ್, ಹಳದಿ ಕೊಳವೆ ಕಂಡರೆ ಅದು ಏರ್‌ಬ್ಯಾಗ್ ಲೈನ್, ಅದರ ತಂಟೆಗೆ ಹೋಗಬೇಡಿ. ಕ್ಯಾನ್ ವೈರ್‌ಗಳು ಒಂದಕ್ಕೊಂದು ಹೆಣೆದುಕೊಂಡ ಜೋಡಿ, ಮೀಟರ್‌ನಲ್ಲಿ ಎರಡೂ 2.5 ವೋಲ್ಟ್ ಆಸುಪಾಸು ತೋರಿಸುತ್ತವೆ. ಸ್ಕ್ಯಾನರ್ ಹಾಕುವ ಒಬಿಡಿ ಸಾಕೆಟ್‌ನಲ್ಲಿ 6 ಮತ್ತು 14ನೇ ಪಿನ್ನುಗಳು ಈ ಜೋಡಿಗೆ ಮೀಸಲು. ಜೋಡಿಯಲ್ಲಿ ಒಂದರ ಹೆಸರು ಹೈ, ಇನ್ನೊಂದರದು ಲೋ. ಅದಲುಬದಲು ಮಾಡಬೇಡಿ, ಹೈ ಹೈಗೆ, ಲೋ ಲೋಗೆ.

ಇಂಜಿನ್ ಹಿಡಿದ ಮೇಲೂ ಸೆಲ್ಫ್ ಕರಕರ ಅನ್ನುತ್ತದೆ.

ಕೂಡಲೇ ನಿಲ್ಲಿಸಿ. ಇಂಜಿನ್ ಹಿಡಿದಿದ್ದು ಕಿಟ್‌ಗೆ ಗೊತ್ತಾಗುತ್ತಿಲ್ಲ. ಇದನ್ನು ತಿಳಿಸುವುದು ಟ್ಯಾಕ್ ಸಿಗ್ನಲ್. ಇಂಜೆಕ್ಟರ್ ಅಥವಾ ಕಾಯಿಲ್ ವೈರ್‌ನಿಂದ ತಗೊಳ್ಳಬಹುದು, ಡೇಟಾ ಬೈಪಾಸ್ ಇದ್ದರೆ ಅದರಿಂದಲೇ ಬರುತ್ತದೆ. ಇಂಜಿನ್ ಬಿಸಿಯಾಗಿ ಐಡಲ್ ಸಮವಾದ ಮೇಲೆ ಕಿಟ್‌ಗೆ ಕಲಿಸಬೇಕು. ವೋಲ್ಟೇಜ್ ಏರಿಳಿತ ನೋಡಿ ಊಹಿಸುವ ಆಯ್ಕೆಯೂ ಇದೆ, ಟ್ಯಾಕ್ ಸಿಗುವುದೇ ಇಲ್ಲ ಅಂದಾಗ ಮಾತ್ರ ಅದನ್ನು ಬಳಸಿ. ಬ್ಯಾಟರಿ ಹಳೆಯದಾದ ಹಾಗೆ ಅದರ ಊಹೆಯೂ ತಪ್ಪುತ್ತದೆ.

ರಿಮೋಟ್ ಸ್ಟಾರ್ಟ್ ಒತ್ತಿದರೆ ಕಾರು ಹಾರ್ನ್ ಹೊಡೆದುಕೊಳ್ಳುತ್ತದೆ!

ಇದು ಇಮ್ಮೊಬಿಲೈಸರ್ ತೊಂದರೆ ಅಲ್ಲ, ಅಲಾರಂದು. ಕಂಪನಿ ರಿಮೋಟ್‌ನಿಂದ ಲಾಕ್ ಮಾಡಿದಿರಿ, ಅಲಾರಂ ಎಚ್ಚರವಾಗಿದೆ. ಈಗ ಬಾಗಿಲು ತೆಗೆಯದೆ ಇಗ್ನಿಷನ್ ಆನ್ ಆದರೆ ಅದಕ್ಕೆ ಅನುಮಾನ ಬರುವುದು ಸಹಜ. ಸ್ಟಾರ್ಟ್ ಮಾಡುವ ಮುಂಚೆ ಕಿಟ್ ಅಲಾರಂಗೆ ಸುಮ್ಮನಿರು ಅನ್ನಬೇಕು. ಇದಕ್ಕೆ ಕಿಟ್‌ನಲ್ಲಿ ಬೇರೆ ವೈರ್ ಇರುತ್ತದೆ, ಇಲ್ಲವೇ ಡೇಟಾ ಮೂಲಕ ಆಗುತ್ತದೆ. ಕೆಲವು ಕಾರುಗಳಲ್ಲಿ ಅಲಾರಂ ಆಫ್ ಆದರೆ ಬಾಗಿಲೂ ಅನ್‌ಲಾಕ್ ಆಗಿಬಿಡುತ್ತದೆ. ಆಗ ಸ್ಟಾರ್ಟ್ ಆದ ಮೇಲೆ ಮತ್ತೆ ಲಾಕ್ ಮಾಡುವ ಆಯ್ಕೆಯನ್ನು ಕಿಟ್‌ನಲ್ಲಿ ಆನ್ ಮಾಡಿ. ಇದನ್ನು ಮರೆತು, ಓಡುತ್ತಿರುವ ಕಾರನ್ನು ಬಾಗಿಲು ತೆರೆದಿಟ್ಟು ಬಿಟ್ಟವರನ್ನು ನೋಡಿದ್ದೇನೆ.

ಸ್ಟಾರ್ಟ್ ಆದ ಕಾರಿನಲ್ಲಿ ಕೂತು ಬ್ರೇಕ್ ತುಳಿದರೆ ಆಫ್ ಆಗುತ್ತದೆ. ತೊಂದರೆನಾ?

ತೊಂದರೆ ಅಲ್ಲ, ಅದೇ ಸುರಕ್ಷತೆ. ಕೀ ಇಲ್ಲದವನು ಕೂತು ಗೇರ್ ಹಾಕಲು ಬ್ರೇಕ್ ತುಳಿದರೆ ಇಂಜಿನ್ ನಿಲ್ಲಬೇಕು. ನೀವು ಮೊದಲು ಕೀ ಹಾಕಿ ಆನ್‌ವರೆಗೆ ತಿರುಗಿಸಿ, ಆಮೇಲೆ ಬ್ರೇಕ್. ಸೆಲ್ಫ್‌ವರೆಗೆ ತಿರುಗಿಸಬೇಡಿ, ಇಂಜಿನ್ ಆಗಲೇ ಓಡುತ್ತಿದೆ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಇದನ್ನು ಹೇಳಿಕೊಡಿ, ಇಲ್ಲದಿದ್ದರೆ ಮೊದಲ ವಾರ ನಿಮಗೆ ಫೋನ್ ಮೇಲೆ ಫೋನ್.

ಪುಶ್ ಬಟನ್ ಕಾರಿಗೆ ಹಾಕಬಹುದಾ?

ಹಾಕಬಹುದು, ಆದರೆ ಡೇಟಾ ಬೈಪಾಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಇಲ್ಲಿ ಕಿಟ್ ಬಟನ್ ಒತ್ತುವ, ಬ್ರೇಕ್ ತುಳಿಯುವ ಕೆಲಸವನ್ನು ಅನುಕರಿಸಬೇಕು. ಕೆಲವು ಕಾರುಗಳಲ್ಲಿ ನೀವು ಬಾಗಿಲು ತೆಗೆದ ಕೂಡಲೇ ಇಂಜಿನ್ ನಿಲ್ಲುತ್ತದೆ, ಕೂತು ಮತ್ತೆ ಸ್ಟಾರ್ಟ್ ಮಾಡಬೇಕು. ಕಿರಿಕಿರಿ ಹೌದು, ಆದರೆ ಅದು ಕಾರಿನದೇ ನಿಯಮ. ಹಾಗೆಯೇ, ಹೊಸ ಕಾರಾದರೆ ಕಂಪನಿಯದೇ ರಿಮೋಟ್ ಸ್ಟಾರ್ಟ್ ಇದೆಯಾ ಅಂತ ಒಂದು ಸಲ ಮ್ಯಾನುವಲ್ ತೆಗೆದು ನೋಡಿ. ಇದ್ದೂ ಗೊತ್ತಿಲ್ಲದೆ ಕಿಟ್ ತಂದವರಿದ್ದಾರೆ.

ನನ್ನದು ಮ್ಯಾನುವಲ್ ಗೇರ್. ಹಾಕಲೇ?

ನನ್ನನ್ನು ಕೇಳಿದರೆ ಬೇಡ. ಆದರೂ ಹಾಕುವವರಿದ್ದಾರೆ, ಹಾಗಾಗಿ ಹೇಗೆ ಅಂತ ಹೇಳುತ್ತೇನೆ.

ಅಪಾಯ ಸರಳ: ಗೇರ್‌ನಲ್ಲಿ ನಿಲ್ಲಿಸಿದ ಕಾರಿಗೆ ಸೆಲ್ಫ್ ಹೊಡೆದರೆ ಅದು ಮುಂದಕ್ಕೆ ನೆಗೆಯುತ್ತದೆ. ಎದುರಿಗೆ ಗೋಡೆ ಇದ್ದರೆ ಗೋಡೆ, ಮಗು ಇದ್ದರೆ ಮಗು. ಇದನ್ನು ತಪ್ಪಿಸಲು ಮ್ಯಾನುವಲ್ ಕಿಟ್‌ಗಳಲ್ಲಿ ಒಂದು ಕ್ರಮ ಇದೆ. ಇಂಜಿನ್ ಓಡುತ್ತಿರುವಾಗಲೇ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆದು, ಕಿಟ್‌ಗೆ ಸೂಚನೆ ಕೊಟ್ಟು ಕೀ ತೆಗೆಯಬೇಕು. ಇಂಜಿನ್ ಓಡುತ್ತಲೇ ಇರುತ್ತದೆ. ನೀವು ಇಳಿದು ಬಾಗಿಲು ಹಾಕಿದ ಮೇಲೆ ಕಿಟ್ ತಾನೇ ಆಫ್ ಮಾಡುತ್ತದೆ. ಗೇರ್‌ನಲ್ಲಿದ್ದರೆ ಕ್ಲಚ್ ಬಿಟ್ಟಾಗಲೇ ಇಂಜಿನ್ ನಿಂತುಹೋಗುತ್ತಿತ್ತು, ಹಾಗಾಗಿ ನೀವು ಇಳಿದ ಮೇಲೂ ಓಡಿದೆ ಅಂದರೆ ನ್ಯೂಟ್ರಲ್‌ನಲ್ಲಿದೆ ಅಂತ ಅದು ನಂಬುತ್ತದೆ. ಆಮೇಲೆ ಯಾರಾದರೂ ಒಂದು ಬಾಗಿಲು ತೆಗೆದರೂ ಆ ನಂಬಿಕೆ ರದ್ದು, ಮುಂದಿನ ಸಲ ರಿಮೋಟ್‌ಗೆ ಸ್ಟಾರ್ಟ್ ಆಗುವುದಿಲ್ಲ.

ಹಾಗಾಗಿ ಎಲ್ಲ ಬಾಗಿಲುಗಳ ಸ್ವಿಚ್ಚೂ ಕಿಟ್‌ಗೆ ಕಾಣಲೇಬೇಕು. ಡಿಕ್ಕಿಯದೂ ಸೇರಿ, ಹಿಂದಿನಿಂದ ಒಳಗೆ ತೂರಿ ಬರಬಹುದಾದ ಗಾಡಿಯಾದರೆ. ಒಂದು ಬಾಗಿಲಿನ ಸ್ವಿಚ್ ಕೆಟ್ಟಿದ್ದರೂ ಇಡೀ ಲೆಕ್ಕ ತಪ್ಪು. ಕ್ಲಚ್ ಸ್ವಿಚ್ಚನ್ನು ಶಾಶ್ವತವಾಗಿ ಶಾರ್ಟ್ ಮಾಡಿಬಿಡಿ ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಕೆಲಸ ಮಾಡಿಸಬೇಡಿ.

ಬಾನೆಟ್ ಸ್ವಿಚ್ ಹಾಕದಿದ್ದರೂ ಓಡುತ್ತದಲ್ಲ?

ಓಡುತ್ತದೆ. ಮೆಕ್ಯಾನಿಕ್ ಕೈ ಬೆಲ್ಟ್ ಹತ್ತಿರ ಇರುವಾಗಲೂ ಓಡುತ್ತದೆ. ಹಾಕಿ.

ಡೀಸೆಲ್ ಕಾರಿಗೆ ಏನಾದರೂ ಬೇರೆ ಇದೆಯಾ?

ಇಂಜಿನ್ ಒಳಗನ್ನು ಮೊದಲು ಬಿಸಿ ಮಾಡುವ ಗ್ಲೋ ಪ್ಲಗ್ ಬಿಸಿಯಾಗುವವರೆಗೆ ಕಾಯಬೇಕು. ಕಿಟ್‌ನಲ್ಲಿ ಅದಕ್ಕೊಂದು ಇನ್‌ಪುಟ್ ಇರುತ್ತದೆ, ಮೀಟರ್‌ನ ಸುರುಳಿ ಲೈಟು ಆರಿದ ಮೇಲೆ ಸೆಲ್ಫ್ ಹೊಡೆಯುತ್ತದೆ. ಆ ವೈರ್ ಸಿಗದಿದ್ದರೆ ಇಷ್ಟು ಸೆಕೆಂಡ್ ಕಾಯಿ ಅಂತ ಸೆಟ್ ಮಾಡಬಹುದು.

ಎಷ್ಟು ಹೊತ್ತು ಓಡಿಸಬಹುದು? ಗ್ಯಾರೇಜ್ ಒಳಗೆ ಸ್ಟಾರ್ಟ್ ಮಾಡಬಹುದಾ?

ಗ್ಯಾರೇಜ್ ಒಳಗೆ ಖಂಡಿತ ಬೇಡ. ಶಟರ್ ಅರ್ಧ ತೆಗೆದಿದ್ದರೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗ್ಯಾರೇಜ್ ಮನೆಗೆ ತಾಗಿದ್ದರೆ ಮಲಗುವ ಕೋಣೆಗೂ ಬರುತ್ತದೆ. ರಿಮೋಟ್ ಜೇಬಿನಲ್ಲಿ ಒತ್ತಿಹೋಗುವುದೂ ಇದೆ. ಮುಚ್ಚಿದ ಜಾಗದಲ್ಲಿ ಕಾರು ನಿಲ್ಲಿಸುವವರಾದರೆ ಎರಡು ಸಲ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವಂತೆ ಸೆಟ್ ಮಾಡಿ, ಅಲ್ಲಿರುವಾಗ ವ್ಯಾಲೆ ಮೋಡ್‌ಗೆ (ರಿಮೋಟ್ ಸ್ಟಾರ್ಟನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸೆಟ್ಟಿಂಗ್) ಹಾಕಿ ಪೂರ್ತಿ ಬಂದ್ ಮಾಡಿ, ಮನೆಯಲ್ಲಿ ಮೊನಾಕ್ಸೈಡ್ ಅಲಾರಂ ಇಡಿ.

ಹೊರಗಾದರೆ ಐದರಿಂದ ಹತ್ತು ನಿಮಿಷ ಸಾಕು. ತಾವೇ ಆಫ್ ಆಗುವ ಟೈಮರ್ ಕಿಟ್‌ಗಳಲ್ಲೇ ಇರುತ್ತದೆ. ಜರ್ಮನಿ, ಬ್ರಿಟನ್ನಿನಂಥ ಕಡೆ ನಿಂತ ಗಾಡಿಯ ಇಂಜಿನ್ ಸುಮ್ನೆ ಓಡಿಸಿದರೆ ದಂಡವೂ ಇದೆ, ನಿಮ್ಮಲ್ಲಿ ಏನು ನಿಯಮ ನೋಡಿಕೊಳ್ಳಿ.

ಹಾಕಿಸಿದ ಮೇಲೆ ಬ್ಯಾಟರಿ ಇಳಿಯುತ್ತಿದೆ.

ನಿಂತ ಕಾರು ಪೂರ್ತಿ ನಿದ್ದೆಗೆ ಹೋದ ಮೇಲೆ ಸಾಮಾನ್ಯವಾಗಿ 50 ಮಿಲಿಆಂಪ್‌ಗಿಂತ ಕಡಿಮೆ ಎಳೆಯಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಮಧ್ಯೆ ಮೀಟರ್ ಹಾಕಿ, ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು ನೋಡಿ. ಮೀಟರ್ ಹಾಕಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ. ಜಾಸ್ತಿ ತೋರಿಸಿದರೆ ಕಿಟ್ ಫ್ಯೂಸ್ ತೆಗೆಯಿರಿ, ಇಳಿಯಿತಾ ನೋಡಿ, ಆಮೇಲೆ ಬೈಪಾಸ್ ಬಿಚ್ಚಿ. ಡೇಟಾ ಮಾಡ್ಯೂಲ್‌ಗೆ ತಪ್ಪು ಫರ್ಮ್‌ವೇರ್ ಇದ್ದರೆ ಅದು ಕ್ಯಾನ್ ಬಸ್ ಮೇಲೆ ಗೊಣಗುತ್ತಲೇ ಇದ್ದು ಇಡೀ ಕಾರಿಗೆ ನಿದ್ದೆ ಬಿಡುವುದಿಲ್ಲ.

ವಾರಂಟಿ ಹೋಗುತ್ತದಾ?

ದೇಶಕ್ಕೊಂದು ಕಾನೂನು, ಕಂಪನಿಗೊಂದು ಷರತ್ತು. ನಿಮ್ಮ ವಾರಂಟಿ ಪುಸ್ತಕ ಓದಿ. ವೈರಿಂಗ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ತೊಂದರೆಗಳನ್ನೆಲ್ಲ ಅದರ ತಲೆಗೇ ಕಟ್ಟುವ ಸಾಧ್ಯತೆ ಇದ್ದೇ ಇದೆ. ನಿಮ್ಮ ಮಾಡೆಲ್ಲಿಗೆ ಕತ್ತರಿಸದೆ ಸಿಕ್ಕಿಸುವ ಹಾರ್ನೆಸ್ (ಕನೆಕ್ಟರ್ ಇರುವ ವೈರ್ ಕಟ್ಟು) ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಬೇಡ ಅನಿಸಿದ ದಿನ ಬಿಚ್ಚಿ ಮೊದಲಿನ ಹಾಗೆ ಮಾಡಬಹುದು.

ರಿಮೋಟ್ ರೇಂಜ್ ಡಬ್ಬದ ಮೇಲೆ ಬರೆದಷ್ಟು ಸಿಗುತ್ತಿಲ್ಲ.

ಸಿಗುವುದಿಲ್ಲ. ಅದು ಬಯಲಿನಲ್ಲಿ ಅಡ್ಡ ಏನೂ ಇಲ್ಲದಾಗಿನ ಲೆಕ್ಕ. ಆಂಟೆನಾವನ್ನು ಮುಂದಿನ ಗಾಜಿನ ಮೇಲ್ಭಾಗಕ್ಕೆ ಅಂಟಿಸಿ, ಲೋಹದಿಂದ ದೂರ. ಒಂದು ವಿಷಯ ಮಾತ್ರ ಜಿಪುಣತನ ಬೇಡ: ಸ್ಟಾರ್ಟ್ ಆಯಿತು ಅಂತ ತಿರುಗಿ ಹೇಳುವ ಎರಡು ದಾರಿಯ ರಿಮೋಟ್ ತಗೊಳ್ಳಿ. ಇಲ್ಲದಿದ್ದರೆ ಹಿಡಿಯಿತೋ ಇಲ್ಲವೋ ಅಂತ ಕಿಟಕಿಗೆ ಓಡುವುದೇ ಕೆಲಸ.

ನಾನೇ ಮಾಡಬಹುದಾ, ಅಥವಾ ಗೊತ್ತಿದ್ದವರಿಗೆ ಕೊಡಲಾ?

ಮೀಟರ್ ಹಿಡಿದು ಆಕ್ಸೆಸರಿ ಯಾವುದು ಇಗ್ನಿಷನ್ ಯಾವುದು ಅಂತ ನೀವೇ ಹೇಳಬಲ್ಲಿರಾದರೆ, ಬೆಸುಗೆ ಕೈಗೆ ಬರುತ್ತದೆ ಅಂದರೆ, ಕಾರು ಎರಡು ದಿನ ನಿಂತರೂ ಪರವಾಗಿಲ್ಲ ಅಂದರೆ, ಮಾಡಿ. ಪುಶ್ ಬಟನ್ ಅಥವಾ ಮ್ಯಾನುವಲ್ ಗೇರ್ ಆದರೆ ಮೊದಲ ಸಲವೇ ಅದರಲ್ಲಿ ಕಲಿಯಬೇಡಿ. ಬೇರೆಯವರಿಗೆ ಕೊಡುವುದಾದರೆ ಒಂದೇ ಪ್ರಶ್ನೆ ಕೇಳಿ: ನನ್ನ ಕಾರಿಗೆ ಯಾವ ಬೈಪಾಸ್ ಹಾಕುತ್ತೀರಿ? ಮಾಡ್ಯೂಲ್ ಹೆಸರು ಹೇಳಿ ವಿವರಿಸಿದರೆ ಸರಿ. ಏನೋ ಮಾಡ್ತೀವಿ ಬಿಡಿ ಅಂದರೆ ಕೀ ವಾಪಸ್ ತಗೊಂಡು ಬನ್ನಿ.

ಸರ್ವೀಸ್‌ಗೆ ಬಿಡುವಾಗ?

ವ್ಯಾಲೆ ಮೋಡ್‌ಗೆ ಹಾಕಿ ಬಿಡಿ, ರಿಮೋಟ್ ಸ್ಟಾರ್ಟ್ ಇದೆ ಅಂತ ಬಾಯಲ್ಲೂ ಹೇಳಿ. ಎಲ್ಲಿ ಯಾವ ವೈರ್‌ಗೆ ಸೇರಿಸಿದ್ದೀರಿ ಅಂತ ಒಂದು ಚೀಟಿ ಬರೆದು ಮ್ಯಾನುವಲ್ ಪುಸ್ತಕದಲ್ಲಿಡಿ. ಎರಡು ವರ್ಷದ ಮೇಲೆ ನಿಮಗೇ ಬೇಕಾಗುತ್ತದೆ.

ಕಾರು ಮಾರುವಾಗ ಏನು ಮಾಡಲಿ?

ಡಬ್ಬದ ಬೈಪಾಸ್ ಆಗಿದ್ದರೆ ಡ್ಯಾಶ್ ಒಳಗೆ ಒಂದು ಕೀ ಇದೆ ಅಂತ ಕೊಳ್ಳುವವರಿಗೆ ಹೇಳಲೇಬೇಕು. ಮರೆತುಹೋಗುತ್ತದೆ, ನಿಜವಾಗಿ ಮರೆತುಹೋಗುತ್ತದೆ. ಅವರಿಗೆ ರಿಮೋಟ್ ಸ್ಟಾರ್ಟರ್ ಬೇಡ ಅಂದರೆ ಡಬ್ಬ ಬಿಚ್ಚಿ ಚಿಪ್ ತೆಗೆದು ಅವರ ಕೈಗೆ ಕೊಡಿ. ಬೇಕು ಅಂದರೆ ಎರಡೂ ರಿಮೋಟ್ ಕೊಟ್ಟು, ಕೂತು, ಬ್ರೇಕ್ ತುಳಿಯುವ ಮುಂಚೆ ಕೀ ಆನ್ ಮಾಡುವುದನ್ನು ಒಂದು ಸಲ ಅವರ ಕೈಯಲ್ಲೇ ಮಾಡಿಸಿ.